ಹತ್ತನೆಯ ಹಾಡಿನ ವಾರಸುದಾರ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದೇ ಒಂದು ಸಹಿ. ಉದ್ದ ಕೂದಲು ಕಟ್ಟಿಕೊಂಡು ರಾಕ್ ಗಿಟಾರ್ ಬಾರಿಸುವ ನಮ್ಮ ಜುಟ್ಟಣ್ಣ, ಬೇರೆಯವರ ಹತ್ತು ಹಾಡುಗಳನ್ನು ತನ್ನ ಧಾಟಿಯಲ್ಲಿ ನುಡಿಸಿ ಆಲ್ಬಂ ಮಾಡಿದ್ದ. ಸ್ವಂತ ಹಾಡುಗಳ ಎರಡು ಆಲ್ಬಂ ನೆಲಕಚ್ಚಿದ ಮೇಲೆ ಕಂಪನಿಯ ಮ್ಯಾನೇಜರ್ ಕೊಟ್ಟ ಕೊನೆಯ ಅವಕಾಶ ಇದು. ಊರೆಲ್ಲ ಗುನುಗಿದ ಹತ್ತನೆಯ ಹಾಡೇ ಆಲ್ಬಂನ ಜೀವ. ಅದನ್ನು ಕಟ್ಟಿದ ಮೇಷ್ಟ್ರು ಇವನ ಕೆಳಗಿನ ಮನೆಯಲ್ಲೇ ಇದ್ದರು. ಸಂಜೆ ಐದರೊಳಗೆ ಅವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕದಿದ್ದರೆ ಆಲ್ಬಂ ಇಲ್ಲ.

ಮೇಷ್ಟ್ರು ಪೆನ್ನು ಹಿಡಿದರು, ಬೆವರಿದರು, ಪೆನ್ನು ಕೆಳಗಿಟ್ಟರು.

“ಸುಳ್ಳು ಸಹಿ ಹಾಕೋಕೆ ಕೈ ಬರ್ತಿಲ್ಲ ಕಣಯ್ಯಾ. ಆ ಟ್ಯೂನು ನಂದಲ್ಲ. ಇಸ್ತ್ರಿಯವನು ಸಿಳ್ಳೆ ಹಾಕ್ತಿದ್ದ, ನಾನು ಎತ್ಕೊಂಡೆ.”

“ಅಯ್ಯೋ, ಇದನ್ನ ಇವತ್ತೇ ಹೇಳ್ಬೇಕಿತ್ತಾ ಸಾರ್?”

“ಇಷ್ಟು ವರ್ಷ ಯಾರು ಕೇಳಿದ್ರು?”

ಜುಟ್ಟಣ್ಣ ಮೂಲೆಯಂಗಡಿಗೆ ಓಡಿದ. ಇಸ್ತ್ರಿಯವನು ವಿಷಯ ಕೇಳಿ ಎಷ್ಟು ನಕ್ಕನೆಂದರೆ, ಪೆಟ್ಟಿಗೆಯಡಿಯಲ್ಲಿದ್ದ ಯಾರದೋ ಪ್ಯಾಂಟು ಹೊಗೆಯಾಡಿತು.

“ನಂದೆಲ್ಲಿ ಬಂತಣ್ಣ! ನಿಮ್ಮ ಮೇಲಿನ ಮನೆ ಆಂಟಿ ಬಟ್ಟೆ ತಂದಾಗೆಲ್ಲ ಅದನ್ನೇ ಗುನುಗ್ತಿದ್ರು. ನೆಗಡಿ ಥರ ನಂಗೂ ಅಂಟ್ಕೊಳ್ತು. ಈಗ ಈ ಪ್ಯಾಂಟಿನವರಿಗೆ ಏನು ಹೇಳ್ಲಿ, ಅದನ್ನ ಹೇಳಿ ಮೊದ್ಲು!”

ಏದುಸಿರು ಬಿಡುತ್ತ ನಾಲ್ಕು ಮಹಡಿ ಹತ್ತಿದಾಗ ನಾಲ್ಕೂವರೆ. ಸುದ್ದಿ ಇವನಿಗಿಂತ ಮೊದಲೇ ಮೆಟ್ಟಿಲು ಹತ್ತಿತ್ತು. ಆಂಟಿ ಬಾಗಿಲಲ್ಲೇ ಕಾದಿದ್ದರು.

“ನಾನೇನು ಸುಮ್ನೆ ಗುನುಗ್ತಿದ್ನಾ? ಹತ್ತು ವರ್ಷದ ಹಿಂದೆ ಹೊಸ ಗಿಟಾರ್ ತಂದು, ಏನೋ ಒಂದು ಟ್ಯೂನು ಕಟ್ಟಿ, ಆರು ತಿಂಗಳು ಅದೊಂದನ್ನೇ ಕುಯ್ದು ನನ್ನ ತಲೆ ತಿಂದೋನು ನೀನೇ ಅಲ್ವೇನೋ!”

ಜುಟ್ಟಣ್ಣನಿಗೆ ಥಟ್ಟನೆ ನೆನಪಾಯಿತು. ಖುಷಿಗೆ ಮೆಟ್ಟಿಲ ಮೇಲೇ ಕುಣಿದ. ಕುಣಿಯುತ್ತಲೇ ಮ್ಯಾನೇಜರಿಗೆ ಫೋನು ಮಾಡಿದ.

“ಸಹಿ ಬೇಡ ಸಾರ್! ಹಾಡು ನಂದೇ!”

“ನಿಂದಾ? ಹಾಗಿದ್ರೆ ಬೇಡವೇ ಬೇಡ. ನಿನ್ನ ಹಾಡು ಅಂದ್ರೆ ನಾಯೀನೂ ಕಿವಿ ಎತ್ತಲ್ಲ. ಮೇಷ್ಟ್ರದ್ದು ಅಂತ ಬರೆಸ್ಕೊಂಡು ಬಾ, ಇಲ್ಲಾಂದ್ರೆ ಇಲ್ಲಿಗೇ ಮುಗೀತು.”

ಐದಕ್ಕೆ ಹತ್ತು ನಿಮಿಷವಿತ್ತು. ಜುಟ್ಟಣ್ಣ ಓಡಿಹೋಗಿ ಮೇಷ್ಟ್ರ ಕಾಲು ಹಿಡಿದ.

“ದಮ್ಮಯ್ಯ ಸಾರ್, ಆ ಹಾಡನ್ನ ನೀವೇ ಇಟ್ಕೊಳ್ಳಿ. ನೀವು ಕದ್ದಿದ್ದು ಅಂತ ನಾನು ಬಾಯಿಬಿಡಲ್ಲ!”

ಮೇಷ್ಟ್ರು ಮೆಲ್ಲನೆ ಕಾಲು ಬಿಡಿಸಿಕೊಂಡರು.

“ಹಾಡು ಕಟ್ಟಿದೆ ಅಂದಾಗ ಒಬ್ಬರೂ ನನ್ನ ಬಾಗಿಲಿಗೆ ಬರ್ಲಿಲ್ಲ. ಕದ್ದೆ ಅಂತ ಒಪ್ಕೊಂಡಿದ್ದಕ್ಕೆ ಈಗಷ್ಟೇ ಇಡೀ ಬಿಲ್ಡಿಂಗು ಬಂದು ಚಪ್ಪಾಳೆ ತಟ್ಟಿ ಹೋಯ್ತು. ಈ ಮರ್ಯಾದೆ ನಾನು ಬಿಡ್ತೀನೇನಪ್ಪಾ?”