ಹಸಿರುಮನೆಯಲ್ಲಿ ಹನ್ನೊಂದು ಮಂದಿ

ಗೊತ್ತಿರುವುದನ್ನು ಕಲಿಸುವುದು ಕಷ್ಟದ ಕೆಲಸ. ಎಲ್ಲಿ ತಪ್ಪಿ ಹೋಗುತ್ತದೋ ಎಂಬ ಅಂಜಿಕೆ ಕಾಡುತ್ತಿರುತ್ತದೆ. ಗೊತ್ತಿಲ್ಲದ್ದನ್ನು ಕಲಿಸುವವನಿಗೆ ಆ ಕಾಟವಿಲ್ಲ. ತಪ್ಪಿದ್ದು ಅವನಿಗೂ ತಿಳಿಯುವುದಿಲ್ಲವಲ್ಲ! ನಾನು ಹುಟ್ಟಾ ಎರಡನೆಯ ಜಾತಿಯ ಮೇಷ್ಟ್ರು. ದಡದ ಮೇಲೆ ನಿಂತು ಕೈಬೀಸಿ ನನ್ನ ಭಾವಮೈದುನನಿಗೆ ಈಜು ಕಲಿಸಿದವನು. ಅವನೀಗ ಕೃಷ್ಣೆಯನ್ನು ಈ ದಂಡೆಯಿಂದ ಆ ದಂಡೆಗೆ ದಾಟುತ್ತಾನೆ. ನಾನು ಇಂದಿಗೂ ಮೊಣಕಾಲುದ್ದದ ನೀರಿನಿಂದ ಮುಂದೆ ಹೋದವನಲ್ಲ. ಇಂಥ ನನಗೆ ಹವಾಮಾನ ಬದಲಾವಣೆಯ ತರಬೇತಿಯೊಂದನ್ನು ತಯಾರಿಸಲು ಹೇಳಿದಾಗ ಅದನ್ನು ಎರಡೂ ಕೈಯಿಂದ ಒಪ್ಪಿಕೊಂಡೆ ಎಂದರೆ ನೀವು ಅಚ್ಚರಿಪಡಬೇಕಾಗಿಲ್ಲ.

ನಾನು ಆಗ ಚಿಕ್ಕೋಡಿಯಲ್ಲಿ ಒಂದು ಪರಿಹಾರ ಸಂಸ್ಥೆಯ ಉಗ್ರಾಣ ನೋಡಿಕೊಳ್ಳುತ್ತಿದ್ದೆ. ಹೊಳೆ ಬಂದಾಗ ರಾಯಬಾಗ, ಅಥಣಿ, ಕಾಗವಾಡದ ಹೊಳೆದಂಡೆಯ ಊರುಗಳಿಗೆ ಮಳೆಗೆ ಮಾಡಿನ ಮೇಲೆ ಹೊದಿಸುವ ತಾಡಪತ್ರಿ, ಚಾದರ, ಪಾತ್ರೆಸಾಮಾನು ಮುಟ್ಟಿಸುವುದು ನಮ್ಮ ಸಂಸ್ಥೆಯ ಕೆಲಸ. ಹೊಳೆ ಬರದಿದ್ದಾಗ ಅವನ್ನು ಎಣಿಸಿ, ಮಡಿಸಿ, ಇಲಿ ಕಡಿಯದಂತೆ ಕಾಯುವುದು ನನ್ನ ಕೆಲಸ. ಬಿ.ಕಾಂ. ಓದಿದವನಿಗೆ ಇದಕ್ಕಿಂತ ಸುಖದ ನೌಕರಿ ಇನ್ನೊಂದಿಲ್ಲ. ಒಂದು ದಿನ ಬೆಂಗಳೂರಿನ ಮುಖ್ಯ ಕಚೇರಿಯಿಂದ ಮೇಡಂ ಫೋನ್ ಮಾಡಿದರು. "ನಮ್ಮ ಎಲ್ಲಾ ಸಿಬ್ಬಂದಿಗೂ ಹವಾಮಾನ ಬದಲಾವಣೆ ಬಗ್ಗೆ ತರಬೇತಿ ಆಗ್ಬೇಕು. ಮೊದಲು ನಿಮ್ಮ ಆಫೀಸಲ್ಲೇ ಮಾಡಿ ನೋಡೋಣ. ನೀವೇ ತಯಾರು ಮಾಡಿ" ಎಂದರು. ನಾನೇ ಯಾಕೆ ಎಂದು ಸಂಕೋಚದಿಂದ ಕೇಳಿದೆ. "ನಿಮ್ಮ ಅಕ್ಷರ ತುಂಬಾ ಚೆನ್ನಾಗಿದೆ" ಎಂದರು. ನನ್ನ ಸ್ಟಾಕ್ ರಿಜಿಸ್ಟರನ್ನು ಅವರು ಯಾವಾಗಲೋ ನೋಡಿದ್ದರಂತೆ. ಚೆನ್ನಾಗಿ ಆದರೆ ಅದೇ ಪಾಠವನ್ನು ಎಲ್ಲ ಜಿಲ್ಲೆಗಳಿಗೂ ಕಳಿಸುತ್ತಾರೆ, ನೋಡಲು ತಾವೇ ಬರುತ್ತಾರೆ ಎಂದೂ ಸೇರಿಸಿದರು.

ಒಂದು ತಿಂಗಳು ಕೂತೆ. ಇಂಗ್ಲಿಷಿನ ದಪ್ಪ ದಪ್ಪ ವರದಿಗಳನ್ನು ತರಿಸಿಕೊಂಡೆ. ಓದಿದ್ದರಲ್ಲಿ ಅರ್ಧ ತಿಳಿಯಲಿಲ್ಲ, ಉಳಿದರ್ಧ ತಿಳಿಯಿತೆಂದುಕೊಂಡಿದ್ದೆ. ನಿಘಂಟು ತೆರೆದು 'ಉಪಶಮನ', 'ಹೊಂದಾಣಿಕೆ', 'ಹಸಿರುಮನೆ ಅನಿಲ' ಎಂದು ಗಂಭೀರವಾದ ಶಬ್ದಗಳನ್ನು ಪೋಣಿಸಿದೆ. ಅರವತ್ತನಾಲ್ಕು ಸ್ಲೈಡುಗಳಾದವು. ಅರವತ್ತನಾಲ್ಕು ವಿದ್ಯೆ ಎನ್ನುತ್ತಾರಲ್ಲ, ಹಾಗೆ ಒಂದು ಸಮಾಧಾನವೂ ಆಯಿತು. ನಿಜ ಹೇಳಬೇಕೆಂದರೆ ವಿದ್ಯೆಯೆಲ್ಲ ಪ್ರೊಜೆಕ್ಟರಿನಲ್ಲಿತ್ತು. ನನ್ನಲ್ಲಿ ಇದ್ದದ್ದು ಅದರ ಬಟನ್ ಮಾತ್ರ.

ಹೋಳಿಹುಣ್ಣಿಮೆ ಮುಗಿದ ವಾರ ಎರಡು ದಿನದ ತರಬೇತಿ. ಮೇಡಂ ಬೆಳಿಗ್ಗೆಯೇ ಬಂದು ಹಿಂದಿನ ಕುರ್ಚಿಯಲ್ಲಿ ನೋಟ್‌ಬುಕ್ ತೆರೆದು ಕೂತರು. ಮುಂದೆ ನಮ್ಮ ಸಿಬ್ಬಂದಿ ಒಂಬತ್ತು ಜನ. ಅವರಲ್ಲಿ ಇಬ್ಬರನ್ನು ನಿಮಗೆ ಪರಿಚಯಿಸಬೇಕು. ಒಬ್ಬ ಮಾರುತಿ, ಜೀಪಿನ ಚಾಲಕ, ಮುಗಳಖೋಡದವನು. ಕೇಳಬೇಕೆನಿಸಿದ್ದನ್ನು ಕೇಳದೆ ಬಿಟ್ಟವನಲ್ಲ. ಇನ್ನೊಬ್ಬರು ಸುನಂದಕ್ಕ, ಪಾಲಬಾವಿಯವರು, ಹಳ್ಳಿ ಹಳ್ಳಿ ತಿರುಗುವ ಕಾರ್ಯಕರ್ತೆ. ಕೇಳಬೇಕಾದ್ದನ್ನು ಮಾತ್ರ ಕೇಳುವವರು. ಎರಡನೆಯ ಜಾತಿಯವರಿಗೆ ಹೆಚ್ಚು ಹೆದರಬೇಕು ಎಂಬುದು ನನಗಾಗ ಗೊತ್ತಿರಲಿಲ್ಲ.

ಏಳನೆಯ ಸ್ಲೈಡಿಗೆ ಬಂದು, "ಭೂಮಿ ಬಿಸಿಯಾಗುವುದಕ್ಕೆ ಹಸಿರುಮನೆ ಅನಿಲಗಳೇ ಮೂಲ ಕಾರಣ" ಎಂದೆ. ಮಾರುತಿ ಕೈ ಎತ್ತಿದ.

"ಸರ್, ನಮ್ಮ ಸ್ವಾದರಮಾವ ಅಲಖನೂರಾಗ ಹಸಿರುಮನಿ ಹಾಕ್ಯಾನ್ರಿ. ಢಬ್ಬು ಮೆಣಸಿನಕಾಯಿ ಬೆಳಿತಾನ. ಪ್ಲಾಸ್ಟಿಕ್ಕಿಗೆ ಸಬ್ಸಿಡಿ ಕೊಟ್ಟಾರ, ಈ ಗ್ಯಾಸ ಮಾತ್ರ ಇನ್ನೂ ಕೊಟ್ಟಿಲ್ಲ ನೋಡ್ರಿ. ಅದಕ್ಕೂ ಅರ್ಜಿ ಹಾಕಬೇಕೇನ್ರಿ?"

ಎಲ್ಲರೂ ನಕ್ಕರು. ನಗು ಅವನ ಕಡೆಗೋ ನನ್ನ ಕಡೆಗೋ ಗೊತ್ತಾಗಲಿಲ್ಲ. ಇದು ಆ ಹಸಿರುಮನೆಯಲ್ಲ, ಇದು ಉಪಮೆ ಎಂದೆ. ಉಪಮೆ ಎಂದರೇನು ಎಂದು ಕೇಳಿದ. ಅದನ್ನು ವಿವರಿಸಲು ಹೊರಟೆ. ವಿವರಣೆ ಬೆಳೆಯುತ್ತ ಹೋಯಿತು, ಓಝೋನ್ ಪದರವೂ ಯಾಕೋ ನಡುವೆ ಬಂತು, ಹೊರಗೆ ಹೋಗುವ ದಾರಿ ನನಗೇ ಕಾಣದಾಯಿತು. ಆಗ ದೇವರು ಕಣ್ಣು ಬಿಟ್ಟಂತೆ ಕರೆಂಟ್ ಹೋಯಿತು. ಒಂದು ಗಳಿಗೆ ಬದುಕಿದೆ ಎನಿಸಿತು. ಮರುಗಳಿಗೆಗೆ, ಪ್ರೊಜೆಕ್ಟರ್ ಇಲ್ಲದ ನಾನು ಹನ್ನೊಂದು ಗಂಟೆಯ ಸೆಕೆಯಲ್ಲಿ ಬರಿಗೈಯಲ್ಲಿ ನಿಂತಿದ್ದೇನೆ ಎಂಬುದು ಅರಿವಾಯಿತು.

"ಕರೆಂಟ ಇನ್ನ ಬರೂದ ಮೂರಕ್ಕರಿ ಸರ್" ಎಂದ ಮಾರುತಿ. "ಎರಡೂ ಗಾಡಿ ಅದಾವು. ಮಾವನ ಹಸಿರುಮನಿಗೇ ಹೋಗೂಣು ನಡೀರಿ. ಅದೇನ ಉಪಮೇ ಐತಿ, ಅಲ್ಲೇ ತೋರಸ್ರಿ."

ನಾನು ಬೇಡವೆನ್ನುವಷ್ಟರಲ್ಲಿ ಮೇಡಂ ನೋಟ್‌ಬುಕ್ ಮುಚ್ಚಿ ಎದ್ದಾಗಿತ್ತು. "ಒಳ್ಳೇ ಐಡಿಯಾ" ಎಂದರು. ಅದನ್ನು ನನ್ನ ಐಡಿಯಾ ಎಂದು ಬರೆದುಕೊಂಡಿರಬಹುದೆಂಬ ಆಸೆ ನನಗೆ ಇವತ್ತಿಗೂ ಇದೆ.

ನಾವು ಅಲಖನೂರು ಮುಟ್ಟಿದಾಗ ನೆತ್ತಿಯ ಮೇಲಿನ ಸೂರ್ಯ ಸ್ವಲ್ಪ ವಾಲಿದ್ದ. ಮಾರುತಿಯ ಮಾವ ರಾಮಪ್ಪ ಕಬ್ಬಿನ ಹೊಲದ ಪಕ್ಕದಲ್ಲಿ ಪ್ಲಾಸ್ಟಿಕ್ ಹೊದಿಸಿದ ದೊಡ್ಡ ಮನೆ ಕಟ್ಟಿದ್ದರು. "ಬರ್ರಿ, ಬರ್ರಿ. ಲಗೂ ಬಾಗಲ ಹಾಕ್ರಿ, ಹುಳ ಬರತಾವು" ಎಂದು ಎಲ್ಲರನ್ನೂ ಒಳಗೆ ತುಂಬಿ ಬಾಗಿಲು ಎಳೆದರು. ಮೇಡಂ, ನಾನು, ಒಂಬತ್ತು ಜನ ಸಿಬ್ಬಂದಿ, ಒಟ್ಟು ಹನ್ನೊಂದು ಮಂದಿ ಮೆಣಸಿನ ಗಿಡಗಳ ನಡುವೆ ಸಾಲಾಗಿ ನಿಂತೆವು. ಐದು ನಿಮಿಷಕ್ಕೆ ಅಂಗಿ ಬೆನ್ನಿಗೆ ಅಂಟಿತು. ಹತ್ತು ನಿಮಿಷಕ್ಕೆ ಮೇಡಂ ಕನ್ನಡಕ ತೆಗೆದು ಮುಖ ಒರೆಸಿಕೊಂಡರು. ಪಾಠವನ್ನು ಮಾರುತಿಯೇ ಶುರುಮಾಡಿಬಿಟ್ಟಿದ್ದ.

"ಬಿಸಲ ಒಳಗ ಬರತೈತ್ರಿ, ಕಾವು ಹೊರಗ ಹೋಗಾಕ ಒಲ್ಲದು. ಅಷ್ಟ ಅಲ್ರಿ ಸರ್?"

ಅಷ್ಟೇ. ನಾನು ಹನ್ನೆರಡು ಸ್ಲೈಡಿನಲ್ಲಿ ಹೇಳಲು ಹೊರಟದ್ದು ಅಷ್ಟೇ.

ಸುನಂದಕ್ಕ ಸೆರಗಿನಿಂದ ಕತ್ತು ಒರೆಸುತ್ತ ಮೇಲಿನ ಪ್ಲಾಸ್ಟಿಕ್ ನೋಡುತ್ತಿದ್ದರು. "ಅಂದ್ರ ಇಡೀ ಭೂಮಿಗೆ ಹಿಂಗ ಹೊದಿಸಿದಂಗ ಆಗೈತಿ ಅನ್ರಿ."

"ಹೌದು" ಎಂದೆ.

"ನಮಗ ಸೆಕಿ ಆದ್ರ ರಾಮಪ್ಪಣ್ಣ ಬಾಗಲ ತಗೀತಾನು. ಅದರ ಬಾಗಲ ಎಲ್ಲೈತ್ರಿ ಸರ್?"

ಅರವತ್ತನಾಲ್ಕು ಸ್ಲೈಡುಗಳನ್ನೂ ಮನಸ್ಸಿನಲ್ಲಿ ತಿರುವಿಹಾಕಿದೆ. ಯಾವುದರಲ್ಲೂ ಬಾಗಿಲು ಇರಲಿಲ್ಲ. "ಅದು ನಾಳೆ ಬರುತ್ತದೆ" ಎಂದು ಎಲ್ಲ ಮೇಷ್ಟ್ರುಗಳೂ ಹೇಳುವುದನ್ನೇ ಹೇಳಿದೆ.

ಹೊರಗೆ ಬೇವಿನ ಮರದ ಕೆಳಗೆ ರಾಮಪ್ಪ ಮಜ್ಜಿಗೆ ಕೊಟ್ಟರು. ಆ ಗಾಳಿಗೆ, ಆ ಮಜ್ಜಿಗೆಗೆ ಜೀವ ಬಂದಂತಾಗಿ ಮಾತು ತಾನಾಗಿ ಹೊರಟಿತು. "ಬಿತ್ತೂ ಹೊತ್ತಿನ ಮಿರಗದ ಮಳಿ ಒಣಾ ಒಣಾ ಹೋಗತೈತ್ರಿ, ಚೈತ್ರದಾಗ ಆಣಿಕಲ್ಲ ಬೀಳತಾವು. ಪಂಚಾಂಗ ನೋಡಿ ಬಿತ್ತೂದ ಬಿಟ್ಟೀನಿ" ಎಂದರು ರಾಮಪ್ಪ. ಆಗ ಸುನಂದಕ್ಕ ಲೋಟ ಕೆಳಗಿಟ್ಟು, ಹಿಂದಿನ ವರ್ಷದ ಚೈತ್ರದ ಸುದ್ದಿ ತೆಗೆದರು. ಪಾಲಬಾವಿಯಲ್ಲಿ ಬಿರುಗಾಳಿ ಎದ್ದು ಬಡವರ ಮನೆಗಳ ಮೇಲಿನ ತಗಡಿನ ಪತ್ರಾಸುಗಳೆಲ್ಲ ಹಾರಿಹೋಗಿದ್ದವು. ಒಂದು ಮನೆಯಲ್ಲಿ ಹಸಿ ಬಾಣಂತಿ. ಅವಳನ್ನೂ ಕೂಸನ್ನೂ ಮಳೆಯಲ್ಲಿ ಎತ್ತಿನ ಬಂಡಿಯ ಕೆಳಗೆ ಕೂರಿಸಿದ್ದರಂತೆ.

"ನಾ ಆಫೀಸಿಗೆ ಫೋನ್ ಹಚ್ಚಿ ತಾಡಪತ್ರಿ ಕೇಳಿದ್ನಿರಿ. ಅವು ಮಳಿಗಾಲದ ಪ್ರವಾಹಕ್ಕ ಅಂತ ಇಟ್ಟಾವು, ಈಗ ತಗ್ಯಾಕ ಬರಾಂಗಿಲ್ಲ ಅಂದ್ರು."

"ಯಾರು ಹಾಗಂದಿದ್ದು?" ಮೇಡಂ ಕೇಳಿದರು.

ಸುನಂದಕ್ಕ ತಮ್ಮ ಲೋಟವನ್ನೇ ನೋಡುತ್ತ, "ಆಫೀಸಿನವರ್ರೀ" ಎಂದರು. ಉಳಿದವರೂ ತಮ್ಮ ತಮ್ಮ ಲೋಟಗಳಲ್ಲಿ ಏನೋ ಹುಡುಕತೊಡಗಿದರು. ನಮ್ಮ ಕಡೆಯ ಜನ ಹೀಗೆಯೇ. ಮನುಷ್ಯನ ಮಾನ ಉಳಿಸಲು ಮಜ್ಜಿಗೆಯಲ್ಲೂ ಮುಳುಗುತ್ತಾರೆ. ಅವರು ಸುಮ್ಮನಿದ್ದದ್ದೇ ನನಗೆ ತಡೆಯಲಾಗಲಿಲ್ಲ. ಬೈದಿದ್ದರೆ ಏನಾದರೂ ಸಮಜಾಯಿಷಿ ಹೇಳುತ್ತಿದ್ದೆ.

"ನಾನೇ ಮೇಡಂ" ಎಂದೆ. "ರಿಜಿಸ್ಟರಿನಲ್ಲಿ ಜೂನ್ ಎಂದು ಬರೆದಿತ್ತು. ಬರೆದವನೂ ನಾನೇ. ಅಕ್ಷರ ಚೆನ್ನಾಗಿತ್ತು."

ಮೇಡಂ ಸುನಂದಕ್ಕನನ್ನು ನೋಡಿ, "ಆ ಮಗು?" ಎಂದರು.

"ಚಲೋ ಐತ್ರಿ" ಎಂದರು ಸುನಂದಕ್ಕ. "ನಮ್ಮ ಮನಿ ದನದ ಕಣಿಕಿ ಬಣವಿ ಮ್ಯಾಲಿಂದು ತಾಡಪತ್ರಿ ಬಿಚ್ಚಿ ಒಯ್ದು ಕಟ್ಟಿದ್ನಿ. ಈಗ ತಪ್ಪು ಹೆಜ್ಜಿ ಇಡಾಕತ್ತೈತಿ." ಆಮೇಲೆ ನನ್ನ ಕಡೆ ತಿರುಗಿ, "ಇನ್ನೀಟ ಮಜ್ಜಗಿ ತಗೋರಿ ಸರ್" ಎಂದರು. ನನಗೆ ಸಿಕ್ಕ ಶಿಕ್ಷೆಯೆಂದರೆ ಆ ಎರಡನೆಯ ಲೋಟ.

ಎರಡನೆಯ ದಿನ ಕರೆಂಟ್ ಇತ್ತು; ಪ್ರೊಜೆಕ್ಟರಿನ ಪೆಟ್ಟಿಗೆಯನ್ನು ನಾನು ಬಿಚ್ಚಲಿಲ್ಲ. ನೆಲದ ಮೇಲೆ ದೊಡ್ಡ ಹಾಳೆ ಹಾಸಿ, ಯಾವ ತಿಂಗಳು ಯಾವ ಊರಿನಲ್ಲಿ ಏನಾಯಿತು, ನಾವು ಎಷ್ಟು ತಡವಾಗಿ ಹೋದೆವು ಎಂದು ಒಬ್ಬೊಬ್ಬರೂ ಹೇಳಿದರು. ನಾನು ಬರೆದೆ. ಸಂಜೆಯ ಹೊತ್ತಿಗೆ ಹಾಳೆಯಲ್ಲಿ ಖಾಲಿ ಉಳಿದ ತಿಂಗಳೇ ಇರಲಿಲ್ಲ. ಮೇಡಂ ಅಲ್ಲೇ ಕೂತು ತೀರ್ಮಾನ ಮಾಡಿದರು: ತಾಡಪತ್ರಿಗಳಲ್ಲಿ ಒಂದು ಪಾಲು ರಾಯಬಾಗದ ಕಡೆ, ಒಂದು ಪಾಲು ಅಥಣಿಯ ಕಡೆ ವರ್ಷವಿಡೀ ಇರಬೇಕು, ಕೀಲಿ ಊರು ತಿರುಗುವವರ ಕೈಯಲ್ಲೇ ಇರಬೇಕು. ಸುನಂದಕ್ಕ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಮುಂದಿನ ಬೇಸಿಗೆಯಲ್ಲಿ ಮುಗಳಖೋಡದ ಕಡೆ ಗಾಳಿ ಎದ್ದಾಗ ಅವರೂ ಮಾರುತಿಯೂ ಸೇರಿ ಹೊತ್ತು ಮುಳುಗುವುದರೊಳಗೆ ಎಲ್ಲ ಮನೆಗಳಿಗೂ ತಾಡಪತ್ರಿ ಮುಟ್ಟಿಸಿದ್ದರು. ನನಗೆ ತಿಳಿದದ್ದು ಮರುದಿನ, ಸಹಿಗೆಂದು ರಿಜಿಸ್ಟರ್ ಬಂದಾಗ. ನನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ ಎಂದು ಚೂರು ಬೇಜಾರಾಯಿತು, ನಿಜ. ಆದರೆ ಆ ದಿನ ಹಾಕಿದಷ್ಟು ದುಂಡಗಿನ ಸಹಿಯನ್ನು ನಾನು ಇನ್ಯಾವತ್ತೂ ಹಾಕಿಲ್ಲ.

ಪಾಠ ಎಲ್ಲ ಜಿಲ್ಲೆಗಳಿಗೂ ಹೋಯಿತು. ಎಲ್ಲಿ ಹಸಿರುಮನೆ ಇದೆಯೋ ಅಲ್ಲಿಗೆ ಜನರನ್ನು ಒಯ್ಯಿರಿ ಎಂಬುದು ಅದರ ಮೊದಲ ಪುಟ. ನಾನೂ ಊರೂರಿಗೆ ಹೋಗಿ ಕಲಿಸಿ ಬಂದೆ, ಹಾರ ಹಾಕಿಸಿಕೊಂಡೆ. ಚಿಕ್ಕೋಡಿಯ ಓಣಿಯಲ್ಲಿ ನನಗೆ 'ಮಳಿ ಸಾಹೇಬ್ರು' ಎಂಬ ಹೆಸರು ಬಿತ್ತು. ಕ್ಷೌರಕ್ಕೆ ಕೂತರೆ ಅಂಗಡಿಯವರು ಕತ್ತರಿ ನಿಲ್ಲಿಸಿ, ನಾಡಿದ್ದು ಮದುವೆ ಐತಿ, ಹಂದರ ಹಾಕಬಹುದೋ ಹೇಗೆ ಎಂದು ಕೇಳುತ್ತಿದ್ದರು. ಹವಾಮಾನ ಬೇರೆ, ನಾಳೆಯ ಮಳೆ ಬೇರೆ ಎಂದು ಹೇಳಬೇಕು, ಹೇಳುತ್ತಿರಲಿಲ್ಲ. ಗಂಭೀರವಾಗಿ ಆಕಾಶ ನೋಡುತ್ತಿದ್ದೆ.

ಹೋದ ಮೇ ತಿಂಗಳಲ್ಲಿ ನನ್ನ ಹೆಂಡತಿ ಶಂಡಿಗೆಯ ಹಿಟ್ಟು ಕಲಸಿಕೊಂಡು, "ಏನ್ರೀ, ಇವತ್ತ ಮಾಳಿಗಿ ಮ್ಯಾಲ ಹಾಕಲ್ಯೋ ಬ್ಯಾಡೋ?" ಎಂದು ಕೇಳಿದಳು. ಆಕಾಶ ನೋಡಿ, "ಧಾರಾಳ ಹಾಕು, ಇನ್ನೂ ನಾಕ ದಿನ ಹನಿ ಬೀಳಾಂಗಿಲ್ಲ" ಎಂದೆ. ಮಧ್ಯಾಹ್ನ ಪಕ್ಕದ ಮನೆಯ ಮರಾಠಿ ಕಾಕು ತಮ್ಮ ಮಾಳಿಗೆಯಿಂದ ಕೂಗಿದರು: "ಅಗ ಬಾಯೀ, ಶಂಡಿಗಿ ತಗೀ ಲಗೂ! ಇರಿವಿ ತತ್ತಿ ಹೊತಗೊಂಡ ಹೊಂಟಾವು!" ನನ್ನ ಹೆಂಡತಿ ನನ್ನ ಮುಖ ನೋಡಲೂ ಇಲ್ಲ, ಮಾಳಿಗೆಗೆ ಓಡಿ ಶಂಡಿಗೆ ಹಾಕಿದ್ದ ಹಳೆ ಸೀರೆಯ ಒಂದು ತುದಿ ಹಿಡಿದಳು. ಇನ್ನೊಂದು ತುದಿಯನ್ನು ನಾನು ಹಿಡಿದು ಮೆಟ್ಟಿಲಿಳಿಯುವಷ್ಟರಲ್ಲಿ ದಪ್ಪ ಹನಿಗಳು ನನ್ನ ಅರೆಬೋಳು ತಲೆಯ ಮೇಲೆ ಬಿದ್ದವು.

ಕಾಕುಗೆ ಆಶ್ಚರ್ಯವೋ ಆಶ್ಚರ್ಯ. "ನಿಮ್ಮ ಯಜಮಾನ್ರು ಅದರದ ಟ್ರೇನಿಂಗ ಕೊಡತಾರಂತಲ್ಲ?" ಎಂದು ಗೋಡೆಯಾಚೆಯಿಂದ ಕೇಳಿದರು.

"ಕೊಡತಾರ್ರಿ ಕಾಕು" ಎಂದಳು ನನ್ನ ಹೆಂಡತಿ. "ತಗೊಂಡಿಲ್ಲ, ಅಷ್ಟ."