ಅದು ಹಾಂಗಲ್ಲ!

ತೊಳೆದು ಒರೆಸಿದ ಸ್ಟೀಲ್ ಡಬ್ಬಿಯ ತಳದಲ್ಲಿ ಒಂದೂವರೆ ಚಮಚ ಸಕ್ಕರೆ. ಪಕ್ಕದ ಮನೆಯವರು ಹಾಲ್ಬಾಯಿ ಹಾಕಿ ಕಳಿಸಿದ ಡಬ್ಬಿ. ಖಾಲಿ ಹಿಂದಿರುಗಿಸಬಾರದೆಂಬುದು ನಮ್ಮ ಕಡೆಯ ರೀತಿ. ಸರಿ, ಆದರೆ ಆ ಅರ್ಧ ಚಮಚ ಏಕೆ?

"ಒಂದೇ ಹಾಕ್ರೆ ಕಂಜೂಸ್ ಅಂತ್ರ್. ಎರಡ್ ಹಾಕ್ರೆ, ಹಾಲ್ಬಾಯಿಗೆ ಸಿಹಿ ಸಾಲ್ಲಿಲ್ಲೆ ಅಂದ್ ಕಳ್ಸಿದ್ಳ್ ಅಂದ್ಕಂತ್ರ್!"

ಇವರು ನನ್ನ ಅತ್ತೆ, ಅಪ್ಪನ ಅಕ್ಕ. ಇವರನ್ನು ಈವರೆಗೆ ಯಾರೂ ತಪ್ಪು ತಿಳಿದಿಲ್ಲ. ತಿಳಿಯಲು ಇವರು ಯಾರಿಗೂ ಸಮಯವನ್ನೇ ಕೊಟ್ಟಿಲ್ಲ! ಮಾವನ ಪ್ರಕಾರ, "ಅವ್ಳ್ ಯಾರ್ ಮನಿಗಾರೂ ಎರಡ್ ಸರ್ತಿ ಹೋತ್ಳ್. ಒಂದ್ ಸರ್ತಿ ಮಾತಾಡುಕೆ, ಇನ್ನೊಂದ್ ಸರ್ತಿ ಅದು ಹಾಂಗಲ್ಲ ಅಂದ್ ಹೇಳುಕೆ."

ಬ್ರಹ್ಮಾವರದ ಕಾಲೇಜಿನಲ್ಲಿ ಕೆಲಸ ಸಿಕ್ಕಾಗ ನಾನು ಯಡ್ತರೆಯ ಇವರ ಮನೆಯಲ್ಲೇ ಉಳಿದೆ. ಎಂಟು ತಿಂಗಳು ಬಸ್ಸಿನಲ್ಲಿ ನಿಂತು ಕಾಲು ಸೋತ ಮೇಲೆ ಬ್ರಹ್ಮಾವರದಲ್ಲೇ ಒಂದು ಕೋಣೆ ಹುಡುಕಿದೆ. ಆದರೆ ಇಂಥ ಅತ್ತೆಗೆ, ನೋವಾಗದ ಹಾಗೆ, 'ನಾನು ಹೊರಡುತ್ತೇನೆ' ಎಂದು ಹೇಳುವುದು ಹೇಗೆ? ನಾನೋ ಮೊದಲೇ ಮಿತಭಾಷಿ. ಬಾಯಿ ಬಿಡದಿದ್ದರೆ ಯಾರೂ ತಪ್ಪು ತಿಳಿಯಲಾರರೆಂಬುದು ನನ್ನ ಸಿದ್ಧಾಂತ. ಇವತ್ತು ನಾಳೆ ಎಂದು ಮುಂದೂಡಿದೆ.

ಅದೇ ವಾರ ಕೊಲ್ಲೂರು ರಸ್ತೆಯ ಪರಿಚಯದ ಮನೆಯೊಂದರಲ್ಲಿ, ತೊಂಬತ್ತು ದಾಟಿದ ಅಜ್ಜಿ ತೀರಿಕೊಂಡರು. ನಾನೂ ಅತ್ತೆಯೂ ಹೋದೆವು. ಸಾವಿನ ಮನೆಯಿಂದ ಹೊರಡುವಾಗ 'ಬರುತ್ತೇನೆ' ಎನ್ನಬಾರದು, ಸುಮ್ಮನೆ ಎದ್ದು ಬರಬೇಕು. ಅತ್ತೆ ಅಭ್ಯಾಸಬಲದಿಂದ, "ಹಾಂಗಾರೆ ಬತ್ತೆ ಅಕಾ" ಎಂದುಬಿಟ್ಟರು! ನೆನಪಾದದ್ದು ಬಸ್ಸು ಎದುರು ಬಂದು ನಿಂತಾಗ. ಬಸ್ಸನ್ನು ಬಿಟ್ಟು ತಿರುಗಿ ಓಡಿದೆವು.

"ಹ್ವಾಯ್, ನಾ ಬತ್ತೆ ಅಂದದ್ ಹಾಂಗಲ್ಲ! ನಿಮ್ಮನೆಗ್ ಮತ್ತೊಂದ್ ಸಾವ್ ಆಯ್ಲಿ ಅಂದಲ್ಲ!" ಎಂದರು ಅತ್ತೆ. ಅಲ್ಲಿಯವರೆಗೆ ಯಾರಿಗೂ ಅದು ಹೊಳೆದೇ ಇರಲಿಲ್ಲ. ಎಲ್ಲರೂ ದಂಗಾಗಿ ಕೂತರು. ಕುರ್ಚಿಯಲ್ಲಿದ್ದ ಆ ಮನೆಯ ಅಜ್ಜ ಮಾತ್ರ ಬೊಚ್ಚುಬಾಯಿ ಬಿಟ್ಟು ನಕ್ಕರು. "ಅಡ್ಡಿಲ್ಲೆ ಮಾರಾಯ್ತಿ, ಬಾ. ಮುಂದಿನ ಸರದಿ ನಂದೇ. ಬಪ್ಪುಕೆ ನಿಂಗ್ ಈಗ್ಲೇ ಹೇಳಿಕೆ ಆಯ್ತ್!"

ಅತ್ತೆ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ.

ನಾಲ್ಕನೆಯ ದಿನ ಸಂಜೆ, ಚಾ ಕುಡಿಯುವಾಗ, ಕೋಣೆಯ ವಿಷಯವನ್ನು ಒಂದೇ ಉಸಿರಿಗೆ ಹೇಳಿದೆ. ಬಸ್ಸು, ದೂರ, ಕಾಲುನೋವು, ಮೂರು ವಾಕ್ಯ. ಯಾರು ಏನೆಂದರೂ ಅತ್ತೆ ಕೇಳುವ 'ಅಂದ್ರೆ ಎಂತ?' ಎಂಬ ನೂರು ಪ್ರಶ್ನೆಗೆ ಸಿದ್ಧಳಾಗಿಯೂ ಇದ್ದೆ.

ಅತ್ತೆ ಒಂದೂ ಕೇಳಲಿಲ್ಲ. ಲೋಟ ಕೆಳಗಿಟ್ಟರು.

"ನೀ ಬಂದ್ ಎಂಟ್ ತಿಂಗ್ಳ್ ಆಯ್ತ್, ಮಗಾ. ನಿಂಗ್ ಇಲ್ಲಿ ಹಿಡ್ಸಿತಾ ಇಲ್ಯಾ ಅಂದೇ ನಂಗ್ ಗೊತ್ತಾಯ್ಲಿಲ್ಲೆ. ನೀ ಮಾತೇ ಆಡುದಿಲ್ಲೆ."

"ಕೇಳ್ಬಹುದಿತ್ತಲ್ಲ ಅತ್ತೆ?"

"ಊರಿಗೆಲ್ಲ ಕೇಂತೆ. ನಿನ್ನ ಹತ್ರ ಕೇಂಬುಕೆ ಹೆದ್ರಿಕೆ. ಕೇಂಡ್ರೆ, ಅತ್ತೆ ಹೊರ್ಡು ಅಂತಿದ್ರ್ ಅಂದ್ ನೀ ತಿಳ್ಕಂಡ್ರೆ?"

ಚಾ ಆರಿತು.

ಮರುದಿನ ಬೆಳಿಗ್ಗೆ ಅತ್ತೆ ಕಾಯಿ ತುರಿಯುತ್ತಿದ್ದಾಗ ಎದುರಿಗೆ ಕೂತು, ಈ ಮನೆಯಲ್ಲಿ ನನಗೆ ಹಿಡಿಸಿದ್ದನ್ನೆಲ್ಲ ಮೊದಲ ದಿನದಿಂದ ಒಂದೊಂದಾಗಿ ಹೇಳತೊಡಗಿದೆ. ಏಳೂವರೆಯ ಬಸ್ಸು ಹೋಯಿತು. ಎಂಟರದ್ದೂ ಹೋಯಿತು.