ಥಿಯೇಟರಿಗೆ ಹೊರಟ ಅತ್ತೆಗೆ ಶುಭಾಶಯ

ಮದ್ದೂರಿನ ಕಚೇರಿಯೊಂದರ ಗುಮಾಸ್ತ ಶಿವರಾಮು ಆ ಬೇಸಿಗೆಯಲ್ಲಿ ಹೆಂಡತಿ ಕುಸುಮಳೆದುರು ಘೋರ ಪ್ರತಿಜ್ಞೆ ಮಾಡಿದ: "ದಿನಕ್ಕೊಂದು ಇಂಗ್ಲಿಷ್ ನುಡಿಗಟ್ಟು! ಆರೇ ತಿಂಗಳಲ್ಲಿ ಆ ಭಾಷೇನ ಮಂಡಿಯೂರಿಸ್ದೆ ಇದ್ರೆ ಕೇಳು!"

ಕಲಿತದ್ದನ್ನು ಅಂದೇ ಯಾರ ಮೇಲಾದರೂ ಪ್ರಯೋಗಿಸುವುದು ವ್ರತದ ನಿಯಮ. ಜೋರು ಮಳೆ ಎನ್ನಲು "ಕ್ಯಾಟ್ಸ್ ಅಂಡ್ ಡಾಗ್ಸ್!" ಎಂದು ಕೂಗುತ್ತಿದ್ದ; ಪಕ್ಕದ ಮನೆಯವರು ನಾಯಿ ಬಂತೆಂದು ಕೋಲು ಹಿಡಿದು ಬರುತ್ತಿದ್ದರು.

ಅಷ್ಟರಲ್ಲಿ ಅತ್ತೆಯ ಮಂಡಿ ಆಪರೇಷನ್ನು ಬಂತು. ಕೊತ್ತತ್ತಿಯ ದೇವಿರಮ್ಮ ಸೂಜಿ ಕಂಡರೂ ನಡುಗುವ ಹೆಂಗಸು. ಮಗಳು ಕುಸುಮ ಎರಡು ವರ್ಷ ಗೋಗರೆದು, ಅತ್ತು, ಊಟ ಬಿಟ್ಟು, ಕೊನೆಗೂ ಮಂಡ್ಯದ ಆಸ್ಪತ್ರೆಗೆ ಸೇರಿಸಿದ್ದಳು.

ಸ್ಟ್ರೆಚರ್ ಹೊರಟಿತು. ಶಿವರಾಮುವಿಗೆ ಅಂದಿನ ಪಾಠ ನೆನಪಾಯಿತು. ಥಿಯೇಟರಿಗೆ ಹೋಗುವವರಿಗೆ ಶುಭ ಕೋರುವ ಮಾತು! ಎದುರಿಗೇ ಆಪರೇಷನ್ ಥಿಯೇಟರು! ಇದಕ್ಕಿಂತ ಒಳ್ಳೆಯ ಮುಹೂರ್ತ ಉಂಟೆ?

"ಅತ್ತೆ, ಬ್ರೇಕ್ ಎ ಲೆಗ್!"

ದೇವಿರಮ್ಮ ತಲೆಯೆತ್ತಿ ನರ್ಸನ್ನು ಕೇಳಿದರು. "ಲೆಗ್ಗು ಗೊತ್ತು ಕಣಮ್ಮ, ಕೋಳೀದು ತಿಂದಿವ್ನಿ. ಬ್ರೇಕ್ ಅಂದ್ರೇನು?"

"ಮುರಿಯೋದು ಅಜ್ಜಿ."

ಅಷ್ಟೇ! ಹೆಜ್ಜೆಗೊಂದು ಸಲ "ಅಯ್ಯಪ್ಪಾ" ಎನ್ನುತ್ತಿದ್ದ ಹೆಂಗಸು ಸ್ಟ್ರೆಚರಿನಿಂದ ಧುಮುಕಿ, ಹಸಿರು ಗೌನಿನಲ್ಲೇ ಮೆಟ್ಟಿಲಿಳಿದು, ಆಟೋ ನಿಲ್ದಾಣ ಮುಟ್ಟಿದರು!

ಶಿವರಾಮು ಏದುಸಿರು ಬಿಡುತ್ತ ಹಿಂದೆಯೇ ಓಡಿದ. "ಎದ್ರುಕೋಬೇಡಿ ಅತ್ತೆ! ಆಪರೇಷನ್ನು ಪೀಸ್ ಆಫ್ ಕೇಕ್!"

"ಪೀಸಾ? ಮುರ್ದಿದ್ದು ಸಾಲ್ದು ಅಂತ ಪೀಸ್ ಬ್ಯಾರೆ ಮಾಡುಸ್ತೀಯೇನ್ಲಾ!"

ಆಟೋದವರೆಲ್ಲ ಅಜ್ಜಿಯ ಪಕ್ಷ ವಹಿಸಿದರು. ಒಬ್ಬನಂತೂ ಶಿವರಾಮುವಿನ ಕಾಲನ್ನೇ ಅಳೆಯುವಂತೆ ನೋಡಿದ. ಅಷ್ಟರಲ್ಲಿ ಡಾಕ್ಟರು ಓಡಿಬಂದರು.

"ರೀ, 'ಬ್ರೇಕ್ ಎ ಲೆಗ್' ಅನ್ನೋದು ನಾಟಕದ ಥಿಯೇಟರಿಗೆ ಹೋಗೋ ಕಲಾವಿದರಿಗೆ! ಮಂಡಿ ನೋವಿನವರಿಗೆ ಯಾರಾದ್ರೂ ಹೇಳ್ತಾರೇನ್ರಿ? 'ಪೀಸ್ ಆಫ್ ಕೇಕ್' ಅಂದ್ರೆ ಸುಲಭ ಅಂತ. ಅದನ್ನ ಸುಲಭವಾಗೇ ಹೇಳೋಕೇನು ರೋಗ?"

ಕುಸುಮ ಮತ್ತೊಂದು ಗಂಟೆ ಅತ್ತಳು. ಗಂಡನನ್ನು ಗೇಟಿನಾಚೆ ನಿಲ್ಲಿಸಿದ ಮೇಲೆ ಅವ್ವ ಒಳಗೆ ಹೋದರು. ಆಪರೇಷನ್ನು ಚೆನ್ನಾಗಿಯೇ ಆಯಿತು.

ಮೂರನೇ ದಿನ ಶಿವರಾಮು ಎಳನೀರು ಹಿಡಿದು, ತಲೆತಗ್ಗಿಸಿ ಮಂಚದ ಬಳಿ ನಿಂತ.

"ತಪ್ಪಾಯ್ತು ಅತ್ತೆ. ಎಲ್ಡ್ ತಿಂಗ್ಳು ನಮ್ಮನೇಲೇ ಇದ್ದು ಸುಧಾರಿಸ್ಕಳಿ. ಇಂಗ್ಲಿಷ್ ಮಾತಾಡೋದು ಬುಟ್ಬುಟ್ಟೆ. ಇನ್ಮೇಲೆ ಬರೀ ಕನ್ನಡ."

ದೇವಿರಮ್ಮ ಎಳನೀರನ್ನು ಕೊನೆಯ ಹನಿಯವರೆಗೂ ಹೀರಿ, ಬುರುಡೆಯನ್ನು ಅವನ ಕೈಗೇ ಇಟ್ಟರು.

"ಅದ್ನೂ ಬುಟ್ಬುಡು ಕಣಪ್ಪ. ಆಗ ಬತ್ತೀನಿ."